ನಿರಾಹಾರದ ಹುಡುಗಿ

ತ್ರಿಪ್ಲಿಕೇನ್, ಮದ್ರಾಸು
25-6-1999

ಅಮ್ಮನಿಗೆ ವೃಂದಾಳ ನಮಸ್ಕಾರಗಳು.

ಇವತ್ತು ಬೆಳಗ್ಗೆ ನನಗೆ ಕೋಣೆ ಕೊಟ್ಟಿರುವ ಸಾಕಮ್ಮಜ್ಜಿ ದ್ವಾದಶಿಯ ಪಾರಣೆಗೆಂದು ತರಿಸಿದ ಅಗಸೆ ಸೊಪ್ಪಿನಲ್ಲಿ ಒಂದು ಹಿಡಿಯನ್ನು ಬಾಗಿಲಿಗೆ ಬಂದ ಹಸುವಿಗೆ ಕೊಟ್ಟರು. ಹಸು ಸೊಪ್ಪು ಮುಗಿಸಿ ಅಜ್ಜಿಯ ಅಂಗೈಯನ್ನೂ ನೆಕ್ಕಿತು. ನನ್ನ ಸೆರಗು ತಗಲಿದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳುವ ಅಜ್ಜಿ ಅದೇ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗಿ ಎಲೆ ಹಾಕಿದರು. "ಬಾರೇ, ನೀನೂ ಒಂದೆರಡು ಎಸಳು ಕೊಡು, ಹಾಯಲ್ಲ ಅದು" ಎಂದು ಕರೆದಿದ್ದರು. ನಾನು ಹೊಸಿಲು ದಾಟಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದೆ. ಹೊತ್ತಾಗಿರಲಿಲ್ಲ.

ಕೆಲಸಕ್ಕೆ ಸೇರಿದ್ದೇನೆ. ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನೊಳಗೆ, ಒಂದು ಬೋಲ್ಟು ಕಾರ್ಖಾನೆಯ ಪಕ್ಕದಲ್ಲಿ ಬದರಿನಾಥ ರಾಯರ ಪ್ರೆಸ್ಸು. ಕೆಳಗೆ ಯಂತ್ರಗಳು, ಮೇಲೆ ನಾವು. ಶಾಲೆಯ ಪುಸ್ತಕಗಳು ಹೊಟ್ಟೆಪಾಡಿಗೆ, ಸ್ತೋತ್ರದ ಪುಸ್ತಕಗಳು ಪುಣ್ಯಕ್ಕೆ ಎನ್ನುತ್ತಾರೆ ರಾಯರು. ಇಂಗ್ಲಿಷು, ಕನ್ನಡ ಎರಡರ ಪ್ರೂಫನ್ನೂ ನಾನು ನೋಡಬೇಕು. ಮೊದಲ ದಿನವೇ ನಿಯಮ ಹೇಳಿದರು: ಅಚ್ಚಿನ ತಪ್ಪಿದ್ದರೆ ತಿದ್ದಬಹುದು. ಆದರೆ ಬರೆದವರ ಮಾತೇ ತಪ್ಪೆಂದು ಕಂಡರೆ ಕೈಹಾಕುವಂತಿಲ್ಲ. ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಪುಟ ಹಿಡಿದುಕೊಂಡು ಅವರ ಕೋಣೆಗೆ ಹೋಗಿ, ಬಾಯಲ್ಲೇ ಕೇಳಬೇಕು. "ಚೀಟಿ ಅಂಟಿಸಿ ಓಡಿಹೋಗೋ ಹಾಗಿಲ್ಲ, ಆಯ್ತಾ? ಎದುರಿಗೆ ನಿಂತು ಕೇಳ್ಬೇಕು" ಎಂದರು. ಈ ಐದು ದಿನದಲ್ಲಿ ನಾನು ಒಂದು ಪ್ರಶ್ನೆ ಚಿಹ್ನೆಯನ್ನೂ ಹಾಕಿಲ್ಲ. ನಿನ್ನ ಮಗಳ ಸ್ವಭಾವ ನಿನಗೆ ಗೊತ್ತು.

ಸಂದರ್ಶನದ ದಿನ ಕೊನೆಯಲ್ಲಿ, "ಆರೋಗ್ಯ ಎಲ್ಲಾ ಚೆನ್ನಾಗಿದೆಯೇನಮ್ಮಾ? ಇದಕ್ಕೆ ಮುಂಚೆ ಇದ್ದ ಹರ್ಷಿಣಿ ಅಂತ, ಒಳ್ಳೇ ಹುಡುಗಿ, ಆದ್ರೆ ವಾರಕ್ಕೊಂದು ಲೀವು. ತಲೆನೋವು ಅಂದ್ಲು, ಕೊನೆಗೆ ಅದಕ್ಕೊಂದು ಹೆಸರು ಬಂತು. ನಾನು ಪ್ರೆಸ್ ನಡೆಸ್ಲಾ, ಆಸ್ಪತ್ರೆ ನಡೆಸ್ಲಾ?" ಎಂದರು. ಹದಿಮೂರನೆಯ ವಯಸ್ಸಿನಿಂದ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ನಾನು, "ಏನೂ ತೊಂದರೆಯಿಲ್ಲ ಸಾರ್" ಎಂದೆ.

ಅದಾದರೂ ಒಂದು ಮಾತಿನಲ್ಲಿ ಮುಗಿದ ಸುಳ್ಳು. ಸೋಮವಾರ ನನ್ನ ಮೊದಲ ದಿನವೆಂದು ಪೂಜೆ ಮಾಡಿಸಿ ಎಲ್ಲರಿಗೂ ಹಯಗ್ರೀವ ಕೊಟ್ಟರು. ಬೆಲ್ಲ, ತುಪ್ಪ, ದೊನ್ನೆ ತುಂಬ. ನಾನು ಬೇಡವೆಂದೆ. ಪ್ರಸಾದ ಬೇಡವೆನ್ನುವ ಹುಡುಗಿಯನ್ನು ಎಲ್ಲರೂ ತಿರುಗಿ ನೋಡಿದರು. ರಾಯರೇ, "ಓ, ಏನಾದ್ರೂ ವ್ರತವಾ?" ಎಂದರು. ನನ್ನ ತಲೆ ತಾನಾಗಿ ಹೌದೆಂದು ಆಡಿತು. ಅವರ ಮುಖ ಎಷ್ಟು ಅರಳಿತು ಅಂದರೆ, ಅಮ್ಮಾ, ನನಗೆ ಹೆದರಿಕೆಯಾಯಿತು.

ನಿನ್ನೆ ಏಕಾದಶಿ. ಆಫೀಸಿನ ಅಡುಗೆಮನೆಯಲ್ಲಿ ಒಲೆ ಹಚ್ಚಲಿಲ್ಲ. ಯಂತ್ರದವರು ಹೊರಗೆ ತಿಂದು ಬಂದರು. ರಾಯರು ನನ್ನನ್ನು ತೋರಿಸಿ ಲೆಕ್ಕ ಬರೆಯುವ ಜಯರಾಮ ಅವರಿಗೆ, "ನೋಡಯ್ಯಾ, ಈ ಕಾಲದಲ್ಲೂ ನಿರಾಹಾರ ಮಾಡೋ ಹುಡುಗಿ" ಎಂದರು. ನಾನು ಕೆಳಗಿನ ಕಾಗದದ ಗೋಡೌನಿಗೆ ಹೋಗಿ ಕಟ್ಟುಗಳ ಹಿಂದೆ ನಿಂತು ಬಿಸ್ಕತ್ತು ತಿಂದೆ. ಸದ್ದಾಗದಂತೆ ಬಾಯಲ್ಲೇ ನೆನೆಸಿ ನುಂಗಿದೆ.

ಹೇಳಿಬಿಡಲೇ?

ನಿನ್ನ,
ವೃಂದಾ

—

ಪೊನ್ಮಲೈ ರೈಲ್ವೆ ಕಾಲೊನಿ, ತಿರುಚ್ಚಿ
2-7-1999

ಚಿ. ವೃಂದಾಳಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಎಸ್‌ಟಿಡಿ ಬೂತಿನಿಂದ ಫೋನು ಮಾಡೋಣ ಅಂತ ನಿಮ್ಮಪ್ಪ ಹೊರಟರು. ಅಲ್ಲಿ ಬೆನ್ನ ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಇದೇನು ಅಲ್ಲಿ ಕೂಗಿ ಹೇಳುವ ಮಾತಾ, ಕಾಗದವೇ ಬರೆಯುತ್ತೇನೆ ಅಂದೆ.

ಹೇಳಬೇಡ.

ಕೆಲಸ ಕೇಳಲು ಹೋದ ಆ ಕಾನ್ವೆಂಟು ಶಾಲೆಯಲ್ಲಿ ಅವರು ಕೇಳುವುದಕ್ಕೆ ಮುಂಚೆಯೇ ನಿಜ ಹೇಳಿದೆಯಲ್ಲ. ಅವರೆಷ್ಟು ಅನ್‌ಬಾ, ಪ್ರೀತಿಯಿಂದ ಮಾತಾಡಿದರು, ಕಾಫಿ ಕೊಟ್ಟರು, "ನಾವೇ ಕಾಗದ ಬರೀತೀವಿ" ಅಂದರು. ಬರೆದರಾ? ಆರು ತಿಂಗಳು ದಿನಾ ಪೋಸ್ಟ್‌ಮ್ಯಾನಿನ ಸೈಕಲ್ ಸದ್ದಿಗೆ ನೀನು ಎದ್ದು ಹೋಗುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಇನ್ನೊಮ್ಮೆ ನೋಡಲಾರೆ.

ವ್ರತ ಅಂತ ಅವರಾಗಿಯೇ ತಿಳಿದುಕೊಂಡರೆ ತಿಳಿದುಕೊಳ್ಳಲಿ. ನೀನು ಸುಳ್ಳು ಹೇಳಲಿಲ್ಲ, ತಲೆ ಆಡಿಸಿದೆ ಅಷ್ಟೆ. ಆರು ತಿಂಗಳು ಕಳೆದು ಕೆಲಸ ಖಾಯಂ ಆಗಲಿ. ಆಮೇಲೆ ನಿಧಾನವಾಗಿ, ಹೊಸದಾಗಿ ಬಂದ ಹಾಗೆ ಹೇಳಿದರಾಯಿತು. ಈಗ ಯಾರಿಗೆ ಬರುವುದಿಲ್ಲ ಸಕ್ಕರೆ ಕಾಯಿಲೆ?

ಶೀಶೆ ಇಟ್ಟ ಮಡಕೆಯ ನೀರು ದಿನಾ ಬದಲಾಯಿಸು, ಬಿಸಿಲಿಗೆ ಔಷಧಿ ಕೆಡುತ್ತದೆ. ಶೀಶೆಯ ಮೇಲಿನ ಚೀಟಿಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದುಬಿಡು. ಡಬ್ಬಿಯನ್ನು ಅಜ್ಜಿ ಮನೆಯ ಕಸಕ್ಕೆ ಹಾಕಬೇಡ, ಬಸ್ ಸ್ಟಾಪಿನ ಹತ್ತಿರ ಹಾಕು. ಇದನ್ನು ಮರೆಯಬಾರದು.

ಅಮ್ಮ

(ವೃಂದಾ, ಹೊತ್ತಿಗೆ ಸರಿಯಾಗಿ ತಿನ್ನು. ಉಳಿದದ್ದು ಆಮೇಲೆ. — ಅಪ್ಪ)

—

ತ್ರಿಪ್ಲಿಕೇನ್
20-8-1999

ಅಮ್ಮನಿಗೆ,

ನೀನು ಹೇಳಿದ ಹಾಗೆಯೇ ಇದ್ದೇನೆ. ಹೇಳಿಲ್ಲ. ಆದರೆ ತಲೆಯಾಡಿಸಿದ್ದು ಅಷ್ಟಕ್ಕೇ ನಿಲ್ಲುತ್ತದೆಂದು ನಾವು ಅಂದುಕೊಂಡದ್ದು ತಪ್ಪು.

ಚಾತುರ್ಮಾಸ್ಯ ಶುರುವಾದ ಮೇಲೆ ರಾಯರ ಹೆಂಡತಿ ಸರಸಮ್ಮನವರು ನನಗೆಂದು ಬೇರೆ ಕ್ಯಾರಿಯರ್ ಕಳಿಸುತ್ತಾರೆ. "ವ್ರತ ಮಾಡೋ ಮಗು, ಅಲ್ಲಿ ಇಲ್ಲಿ ತಿನ್ನಬಾರದು" ಅಂತ. ಇದು ತರಕಾರಿ ಬಿಡುವ ತಿಂಗಳು. ಹಾಗಾಗಿ ಡಬ್ಬಿಯ ತುಂಬ ಅನ್ನ, ತೊವ್ವೆ, ಮತ್ತೆ ಮೊಸರನ್ನ. ಡಾಕ್ಟರು ನನಗೆ ಎಷ್ಟು ತರಕಾರಿ, ಎಷ್ಟು ಅನ್ನ ಎಂದು ಹೇಳಿದ್ದರೋ ಅದಕ್ಕೆ ಸರಿಯಾಗಿ ತಿರುಗುಮುರುಗು. ಉಳಿಸಿದರೆ "ಸಾಲಲಿಲ್ಲವಾ, ಬೇಜಾರಾ?" ಎಂದು ಮರುದಿನ ಚೀಟಿ ಬರುತ್ತದೆ. ಬರುವ ವಾರದಿಂದ ಮೊಸರು ಬಿಡುವ ತಿಂಗಳು. ಏನು ಕಳಿಸುತ್ತಾರೋ.

ಇನ್ನೊಂದು. ರಾಯರು ಈಗ ಒಂದು ಸ್ತೋತ್ರ ಸಂಗ್ರಹ ಮಾಡಿಸುತ್ತಿದ್ದಾರೆ. ಅವರ ತಾಯಿಯ ಹೆಸರಿನಲ್ಲಿ, ವೈಕುಂಠ ಏಕಾದಶಿಗೆ ಹಂಚಲು. ಅದರ ಪ್ರೂಫನ್ನು ಬೇರೆ ಯಾರಿಗೂ ಕೊಡುವುದಿಲ್ಲವಂತೆ. ಬೆಳಗ್ಗೆ ಬಂದ ಕೂಡಲೇ ಕೈಕಾಲು ತೊಳೆದು ನಾನು ನೋಡಬೇಕು. ಆ ಹಾಳೆ ಮೇಜಿನ ಮೇಲಿರುವಷ್ಟು ಹೊತ್ತು ಅಲ್ಲಿ ತಿನ್ನುವಂತಿಲ್ಲ, ಕಾಫಿಯ ಲೋಟವೂ ಬರುವಂತಿಲ್ಲ. ಮಧ್ಯಾಹ್ನದ ತನಕ ಹಾಗೇ. ನನಗೆ ಹನ್ನೊಂದಕ್ಕೆ ಏನಾದರೂ ಬಾಯಿಗೆ ಬೀಳಲೇಬೇಕು. ಗೋಡೌನಿಗೆ ಹೋಗಿ ಬರುತ್ತೇನೆ. ಯಂತ್ರದ ಹುಡುಗಿಯರು, "ಅಕ್ಕಾ, ಅಲ್ಲಿ ಏನ್ ಇರುಕ್ಕು?" ಎಂದು ನಗಲು ಶುರುಮಾಡಿದ್ದಾರೆ.

ಕಳೆದ ಏಕಾದಶಿಯಂದು ಆದದ್ದನ್ನು ಕೇಳಿದರೆ ನೀನು ನಗುತ್ತೀಯ. ಗೋಡೌನಿಗೆ ಬೀಗ ಹಾಕಿತ್ತು. ಕವರು ತರುತ್ತೇನೆಂದು ಹೇಳಿ ಬೀದಿಯ ತುದಿಯ ಹೋಟೆಲಿಗೆ ಓಡಿದೆ. ಉಡುಪಿ ಕಡೆಯವರದು. ಒಳಗೆ ಕಾಲಿಟ್ಟರೆ ಎದುರಿನ ಮೇಜಿನಲ್ಲಿ ಜಯರಾಮ ಅವರು. ಆಫೀಸಿನಲ್ಲಿ ನನ್ನನ್ನು ಕಂಡಾಗಲೆಲ್ಲ "ಗಿಂಡಿಗೇ ಒಂದು ಮಠ ಬಂತಪ್ಪಾ" ಎನ್ನುವವರು. ಅವರೆದುರು ಸಾಂಬಾರಿನಲ್ಲಿ ಮುಳುಗಿದ ಇಡ್ಲಿ. ಕೈ ಬಾಯಿಯ ಹತ್ತಿರವೇ ನಿಂತುಹೋಯಿತು.

"ಅಮ್ಮಾ ತಾಯೀ," ಎಂದರು ಮೆಲ್ಲಗೆ. "ರಾಯರಿಗೆ ಹೇಳಬೇಡ. ನನಗೆ ಗ್ಯಾಸ್ಟ್ರಿಕ್. ಇದು ಇಡ್ಲಿ ಅಲ್ಲ, ಔಷಧಿ."

"ನಾನು ಕವರಿಗೆ ಬಂದೆ ಸಾರ್."

"ಹೋಟೆಲ್ನಲ್ಲಿ ಕವರಾ?"

ಗಲ್ಲಾದಲ್ಲಿದ್ದ ಮೋನಪ್ಪನವರು ನಮ್ಮಿಬ್ಬರನ್ನೂ ನೋಡಿ, "ಕವರು ಪಕ್ಕದ ಅಂಗಡಿಯಲ್ಲಿ ಉಂಟು ಮಾರಾಯ್ರೆ. ಇಲ್ಲಿ ಇಡ್ಲಿ ಮಾತ್ರ" ಎಂದರು. ನಾನು ಏನೂ ತಿನ್ನದೆ ಹೊರಗೆ ಬಂದೆ. ನೋಡಮ್ಮಾ, ಅವರಾದರೂ ತಮ್ಮ ಕಾಯಿಲೆಯ ಹೆಸರು ಹೇಳಿದರು. ನಾನು ಕವರೆಂದೆ. ಹಿಂದಿರುಗುವಾಗ ಸಕ್ಕರೆ ಇಳಿಯುತ್ತಿರುವುದು ಗೊತ್ತಾಯಿತು. ಪೆಟ್ಟಿಗೆ ಅಂಗಡಿಯಲ್ಲಿ ಕಡಲೆಮಿಠಾಯಿ ಕೊಂಡು ಗೋಡೆಯ ಕಡೆ ತಿರುಗಿ ತಿಂದೆ.

ಅವತ್ತಿನಿಂದ ಜಯರಾಮ ಅವರು ನನ್ನನ್ನು ಕೆಣಕುವುದಿಲ್ಲ. ಹೆದರುತ್ತಾರೆ. ಜೀವನದಲ್ಲಿ ಮೊದಲ ಸಲ ಒಬ್ಬರು ನನಗೆ ಹೆದರುತ್ತಿದ್ದಾರೆ. ಅದೂ ಸುಳ್ಳಿಗೆ.

ವೃಂದಾ

—

ಪೊನ್ಮಲೈ
23-9-1999

ಚಿ. ವೃಂದಾಳಿಗೆ,

ನಿಮ್ಮಮ್ಮನಿಗೆ ತಿಳಿಯದಂತೆ ವರ್ಕ್‌ಶಾಪಿನಿಂದ ಬರೆಯುತ್ತಿದ್ದೇನೆ. ಮೊನ್ನೆ ಏಕಾದಶಿಯ ಸಂಜೆ ಅವಳು ನಲ್ಲಿಯ ಹತ್ತಿರ ತಲೆತಿರುಗಿ ಬಿದ್ದಳು. ಹಣೆಗೆ ಎರಡು ಹೊಲಿಗೆ. ಈಗ ಓಡಾಡುತ್ತಿದ್ದಾಳೆ, ಗಾಬರಿ ಬೇಡ.

ನೀರಾದರೂ ಕುಡಿಯೆಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ. ಮದುವೆಯಾಗಿ ಬಂದಾಗ ಏಕಾದಶಿಗೆ ಅವಲಕ್ಕಿ, ಹಾಲು, ಹಣ್ಣು ಎಲ್ಲ ತಿನ್ನುತ್ತಿದ್ದಳು. ಪೆರಂಬೂರಿನಲ್ಲಿ ಇರುವಾಗ, ನಿನಗೆ ಕಾಯಿಲೆ ಬಂದ ವರ್ಷದಿಂದ, ಹೀಗೆ. "ನಿಮ್ಮ ಮಗಳಿಗೋಸ್ಕರ" ಎನ್ನುತ್ತಾಳೆ. ಅದಕ್ಕೂ ಇದಕ್ಕೂ ಏನು ಎಂದರೆ ಎದ್ದು ಹೋಗುತ್ತಾಳೆ. ನೀನು ಕೇಳಿ ನೋಡು. ನನಗೆ ಹೇಳದ್ದನ್ನು ನಿನಗೆ ಹೇಳಬಹುದು.

ನಾನು ಬರೆದೆನೆಂದು ತಿಳಿಸಬೇಡ.

ಅಪ್ಪ, ಮಧ್ವರಾಜ

—

ತ್ರಿಪ್ಲಿಕೇನ್
21-11-1999

ಅಮ್ಮಾ,

ಮೊದಲೇ ಹೇಳುತ್ತೇನೆ, ಈಗ ಚೆನ್ನಾಗಿದ್ದೇನೆ. ಇದನ್ನು ಕೂತುಕೊಂಡು ಓದು.

ಮೊನ್ನೆ ಶುಕ್ರವಾರ ಏಕಾದಶಿ. ಬೆಳಗ್ಗೆ ಎಂದಿನಂತೆ ಸೂಜಿ ಹಾಕಿಕೊಂಡು, ಅಜ್ಜಿ ಪೂಜೆಗೆ ಕೂತಾಗ ನನ್ನ ಕೋಣೆಯಲ್ಲಿ ಎರಡು ತುಂಡು ಬ್ರೆಡ್ಡು ತಿಂದು ಆಫೀಸಿಗೆ ಹೋದೆ. ರಾಯರು ಕಾರಿನ ಹತ್ತಿರವೇ ನಿಂತಿದ್ದರು. ಚೆಂಗಲ್ಪಟ್ಟಿನ ಒಂದು ಶಾಲೆಗೆ ಪುಸ್ತಕ ತೋರಿಸಲು ಹೋಗಬೇಕು, ಇಂಗ್ಲಿಷ್ ಪಾಠದ ಬಗ್ಗೆ ಕೇಳಿದರೆ ಉತ್ತರ ಹೇಳಲು ನೀನೂ ಬಾ ಎಂದರು. ಡ್ರೈವರು ನನ್ನ ಕೈಯ ಚೀಲವನ್ನೂ ಪುಸ್ತಕದ ಕಟ್ಟುಗಳ ಜೊತೆ ಡಿಕ್ಕಿಯಲ್ಲಿ ಹಾಕಿಬಿಟ್ಟ. ಬಿಸ್ಕತ್ತು, ಸಕ್ಕರೆಯ ಪೊಟ್ಟಣ ಎಲ್ಲ ಅದರಲ್ಲಿ. ಕೇಳಬಹುದಿತ್ತು. "ನನ್ನ ಚೀಲ" ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕು? ಯಾಕೆಂದು ಕೇಳಿದರೆ? ಹೋಗಿ ಹಿಂದಿನ ಸೀಟಿನಲ್ಲಿ ಕೂತೆ.

ತಾಂಬರಂ ದಾಟಿದ ಮೇಲೆ ಡ್ರೈವರು, "ಸಾರ್, ಟಿಫಿನ್‌ಗೆ ನಿಲ್ಲಿಸ್ಲಾ?" ಎಂದ. "ನೀನು ಬೇಕಾದ್ರೆ ಬರುವಾಗ ತಿನ್ನಪ್ಪಾ. ನಮ್ಮಿಬ್ಬರಿಗೂ ಇವತ್ತು ಉಪವಾಸ" ಎಂದರು ರಾಯರು. ನಮ್ಮಿಬ್ಬರಿಗೂ ಎನ್ನುವಾಗ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ ನಕ್ಕರು. ಸ್ವಂತ ಮಗಳನ್ನು ನೋಡಿ ನಗುವ ಹಾಗೆ.

ಶಾಲೆಯಲ್ಲಿ ಮಾತು ಮುಗಿಯುವುದೇ ಇಲ್ಲ. ಹೆಡ್‌ಮಿಸ್ಟ್ರೆಸ್ ಒಂದೊಂದೇ ಪಾಠ ತೆಗೆದು ಕೇಳುತ್ತಿದ್ದರು. ಕಾಫಿ ಬಂತು, ಸಕ್ಕರೆ ಹಾಕಿದ ಕಾಫಿ, ಹಬೆಯಾಡುತ್ತ. ರಾಯರು ನನ್ನ ಲೋಟವನ್ನೂ ತಾವೇ ಹಿಂದಕ್ಕೆ ಸರಿಸಿ, "ಇವತ್ತು ನಾವು ಏನೂ ತಗೊಳ್ಳೋದಿಲ್ಲ ಮೇಡಂ" ಎಂದರು. ಆ ಲೋಟ ದೂರ ಹೋಗುವುದನ್ನು ನೋಡುತ್ತಿದ್ದೆ. ಆಮೇಲೆ ಪುಟದ ಅಕ್ಷರಗಳು ನೀರಿನೊಳಗಿಂದ ಕಂಡ ಹಾಗಾದವು. ಕುತ್ತಿಗೆಯ ಹಿಂದೆ ಬೆವರು. ಒಂದು ಪ್ರಶ್ನೆಗೆ ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ ಏನೋ ಹೇಳಿದೆನಂತೆ. ಕುರ್ಚಿಯಿಂದ ಜಾರಿದ್ದು ನೆನಪಿಲ್ಲ.

ನೆನಪಿರುವುದು ಧ್ವನಿಗಳು. ಯಾರೋ, "ಗ್ಲೂಕೋಸ್ ಕೊಂಡಾ!" ಎಂದರು. ಆಗ ರಾಯರ ಧ್ವನಿ, ತೀರ ಹತ್ತಿರದಿಂದ: "ಬೇಡ ಮೇಡಂ, ದಯವಿಟ್ಟು ಬೇಡ. ಅವಳಿಗೆ ಜ್ಞಾನ ಇಲ್ಲದಾಗ ಬಾಯಿಗೆ ಹಾಕಿ ವ್ರತ ಕೆಡಿಸಿದ್ರೆ ಎದ್ದ ಮೇಲೆ ಆ ಮಗು ಎಷ್ಟು ನೊಂದುಕೊಳ್ಳುತ್ತೆ. ಗಾಳಿ ಹಾಕಿ ಸಾಕು." ಅಮ್ಮಾ, ಅವರು ಅಳುತ್ತಿದ್ದರು. ನಿಜವಾಗಿ ಅಳುತ್ತಿದ್ದರು. ನನ್ನ ತಲೆಯನ್ನು ತಮ್ಮ ಮಡಿಲಿನ ಮೇಲೆ ಇಟ್ಟುಕೊಂಡು, ನನ್ನ ಬಾಯಿಗೆ ತಮ್ಮ ಅಂಗೈ ಅಡ್ಡ ಹಿಡಿದಿದ್ದರು.

ಹೇಳಬೇಕೆಂದು ನಾಲಿಗೆ ಎತ್ತಲು ನೋಡಿದೆ. ಆಗಲಿಲ್ಲ.

ಹೆಡ್‌ಮಿಸ್ಟ್ರೆಸ್ ಆ ಕೈಯನ್ನು ತಳ್ಳಿಬಿಟ್ಟರು. "ವಿರದಂ ಎಲ್ಲಾಂ ಅಪ್ಪುರಂ ಪಾತ್ತುಕ್ಕಲಾಂ ಸಾರ್. ಮೊದಲ್ಲೆ ಪೊಣ್ಣು ಪೊಳೈಕ್ಕಟ್ಟುಂ." ವ್ರತ ಆಮೇಲೆ ನೋಡಿಕೊಳ್ಳೋಣ, ಮೊದಲು ಹುಡುಗಿ ಬದುಕಲಿ. ನನ್ನ ಕೆನ್ನೆಯ ಒಳಗೆ ಸಕ್ಕರೆ ಒತ್ತಿ ಉಜ್ಜಿದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟೆ. ಮೊದಲು ಕಂಡದ್ದು ರಾಯರ ಮುಖ. "ಕ್ಷಮಿಸಮ್ಮಾ, ಕಾಪಾಡೋಕಾಗ್ಲಿಲ್ಲ" ಎಂದರು. ನನ್ನನ್ನಲ್ಲ, ವ್ರತವನ್ನು.

ಆಗ ಹೇಳಬಹುದಿತ್ತು. ಹೆಡ್‌ಮಿಸ್ಟ್ರೆಸ್ ನನ್ನ ಕಣ್ಣನ್ನೇ ನೋಡುತ್ತ, "ಉನಕ್ಕು ಷುಗರ್ ಇರುಕ್ಕಾ ಮಾ?" ನಿನಗೆ ಸಕ್ಕರೆ ಕಾಯಿಲೆಯಿದೆಯಾ ಎಂದು ಕೇಳಿದರು ಕೂಡ. ನಾನು ರಾಯರ ಕಡೆ ನೋಡಿದೆ. ಇಲ್ಲವೆಂದೆ.

ನಿನ್ನೆ ಶನಿವಾರ ಇಡೀ ಪ್ರೆಸ್ಸಿಗೆ ಕಥೆ ಹೇಳಿದರು. ಎಲ್ಲರೆದುರು, "ಇವಳ ಕೆಲಸ ಇವತ್ತಿಂದ ಖಾಯಂ. ಇಂಥವಳಿಗೆ ಆರು ತಿಂಗಳ ಪರೀಕ್ಷೆ ಏನು?" ಎಂದರು. ಕೈ ತಟ್ಟಿದರು. ಜಯರಾಮ ಅವರೂ ತಟ್ಟಿದರು.

ನಾವು ಬಯಸಿದ್ದು ಸಿಕ್ಕಿತಲ್ಲ, ಅಮ್ಮಾ.

ಒಂದು ಕೇಳಲೇ? ನೀನು ಏಕಾದಶಿಗೆ ನೀರನ್ನೂ ಯಾಕೆ ಮುಟ್ಟುವುದಿಲ್ಲ? ಕಾಯಿಲೆಯವರಿಗೆ ದೋಷವಿಲ್ಲವೆಂದು ನನಗೆ ಉಪ್ಪಿಟ್ಟು ಮಾಡಿ ಬಡಿಸಿ, ನೀನು ಗೋಡೆಗೆ ಒರಗಿ ಕೂತಿರುತ್ತಿದ್ದೆ. ನಾನೂ ಯಾವತ್ತೂ ಕೇಳಲಿಲ್ಲ.

ವೃಂದಾ

—

ಪೊನ್ಮಲೈ
28-11-1999

ವೃಂದಾ,

ನಿಮ್ಮಪ್ಪ ಬರೆದಿದ್ದಾರೆ ಅಂತ ಗೊತ್ತಾಯಿತು. ಇರಲಿ.

ನಿನ್ನ ಕಾಗದವನ್ನು ಓದಿ ಮಡಿಚಿ ಅಕ್ಕಿ ಡಬ್ಬಿಯಲ್ಲಿಟ್ಟೆ. ಮತ್ತೆ ತೆಗೆದು ಓದಿದೆ. ಇವತ್ತು ಬರೆಯುವುದಕ್ಕೆ ಕೂತಿದ್ದೇನೆ.

ಪೆರಂಬೂರಿನಲ್ಲಿ ಮೊದಲ ಸಲ ಔಷಧಿ ಕೊಟ್ಟಾಗ ಡಬ್ಬಿಯ ಮೇಲಿದ್ದ ಇಂಗ್ಲಿಷನ್ನು ನಿಮ್ಮಪ್ಪನ ಕೈಯಲ್ಲಿ ಓದಿಸಿದೆ. ಒಂದು ಪದಕ್ಕೆ ಬಂದಾಗ ಅವರು ನಿಲ್ಲಿಸಿ ಮುಂದಿನ ಸಾಲಿಗೆ ಹೋದರು. ಅದೇನು ಬಿಟ್ಟಿರಿ ಅಂದೆ. ಏನಿಲ್ಲ ಅಂದರು. ಪಕ್ಕದ ಮನೆಯ ಟೀಚರ ಹತ್ತಿರ ಹೋಗಿ ಕೇಳಿದೆ. ಹಸುವಿನಿಂದ ತೆಗೆದದ್ದು ಅಂದರು. ಹಾಲಲ್ಲ, ತುಪ್ಪವಲ್ಲ, ಹೊಟ್ಟೆಯೊಳಗಿನದು. ಕೊಂದ ಮೇಲೆ ಸಿಗುವಂಥದ್ದು.

ಮನೆಗೆ ಬಂದು ಸೂಜಿಗೆ ತುಂಬಿದೆ. ನಿನಗೆ ಚುಚ್ಚಿದೆ. ಆ ದಿನ ಚುಚ್ಚಿದವಳು ನಾನೇ. ಇನ್ನೂ ನೂರು ಸಲ ಕೇಳಿದರೂ ಚುಚ್ಚುತ್ತೇನೆ. ಆದರೆ ಯಾರಾದರೂ ಅದಕ್ಕೊಂದು ಬೆಲೆ ಕೊಡಬೇಕಲ್ಲ. ನಿನ್ನ ಕೈಯಲ್ಲಿ ಕೊಡಿಸಲಾಗುವುದಿಲ್ಲ. ಅದಕ್ಕೆ ನಾನು. ತಿಂಗಳಿಗೆ ಎರಡು ದಿನ, ಅಷ್ಟೇ. ಇದನ್ನು ದೊಡ್ಡದು ಮಾಡಬೇಡ.

ನೀನೂ ಓದಿಯೇ ಇರುತ್ತೀಯ. ಇಂಗ್ಲಿಷ್ ಓದಿದವಳು. ಮೂರು ಜನಕ್ಕೂ ಗೊತ್ತು, ಮೂರು ಜನವೂ ಬಾಯಿಬಿಟ್ಟಿಲ್ಲ. ಚೀಟಿ ಉಜ್ಜಿ ತೆಗೆ ಅಂತ ನಾನು ಯಾಕೆ ಬಡಿದುಕೊಳ್ಳುತ್ತೇನೆ ಅಂತ ಈಗ ಬರೆದಾಯಿತು.

ಅದಕ್ಕೇ ಈಗಲೂ ಹೇಳುತ್ತೇನೆ, ರಾಯರಿಗೆ ಹೇಳಬೇಡ. ಸಕ್ಕರೆ ಕಾಯಿಲೆ ಅಂದರೆ ಅವರು ಪಾವಂ, ಪಾಪ ಅನ್ನಬಹುದು. ಆಮೇಲೆ ಅವರ ಹೆಂಡತಿ ಕೇಳುತ್ತಾಳೆ, ಯಾವ ಔಷಧಿ, ತೋರಿಸು ಅಂತ. ತಿಳಿದರೆ ಅವರ ತಾಯಿಯ ಹೆಸರಿನ ಪುಸ್ತಕವನ್ನು ನಿನ್ನ ಕೈಯಲ್ಲಿ ಮುಟ್ಟಿಸುತ್ತಾರಾ? ಸಾಕಮ್ಮಜ್ಜಿಯ ಕಿವಿಗೆ ಬಿದ್ದರೆ? ಈಗ ಎಲ್ಲರೂ ನಿನ್ನನ್ನು ತಲೆಯ ಮೇಲಿಟ್ಟಿದ್ದಾರೆ. ಅಲ್ಲಿಂದ ಇಳಿಸಿದರೆ ಎಲ್ಲಿಡುತ್ತಾರೋ ಗೊತ್ತಿಲ್ಲ.

ಆದರೆ ಆ ಮನುಷ್ಯ ನಿನ್ನ ಬಾಯಿಗೆ ಕೈ ಅಡ್ಡ ಹಿಡಿದದ್ದು. ಅದೊಂದು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಅಮ್ಮ

—

ತ್ರಿಪ್ಲಿಕೇನ್
13-12-1999

ಅಮ್ಮಾ,

ಹದಿನಾಲ್ಕನೆಯ ವಯಸ್ಸಿನಲ್ಲಿ ಓದಿದೆ. ನೀನು ಬಚ್ಚಲಲ್ಲಿ ಚೀಟಿ ಉಜ್ಜುತ್ತಿದ್ದಾಗ ಅರ್ಧ ಉಳಿದಿತ್ತು. ನಿಘಂಟು ನೋಡಿದೆ. ಆವತ್ತು ರಾತ್ರಿ ಬೇಡವೆನ್ನಬೇಕೆಂದುಕೊಂಡೆ, ಆದರೆ ನೀನು ಸೂಜಿ ಹಿಡಿದು ಬಂದಾಗ ತೋಳು ಚಾಚಿದೆ. ಜೂನಿನಲ್ಲಿ ಹಸುವಿನ ಎದುರು ಹೊಸಿಲು ದಾಟಲಿಲ್ಲವೆಂದು ಬರೆದಿದ್ದೆನಲ್ಲ. ಇನ್ನೂ ದಾಟಿಲ್ಲ. ಅದು ನನ್ನದು, ನಾನು ಇಟ್ಟುಕೊಂಡಿರುತ್ತೇನೆ. ನೀನು ಅದಕ್ಕಾಗಿ ನಲ್ಲಿಯ ಹತ್ತಿರ ಬೀಳುವುದು ಮಾತ್ರ ಬೇಡ.

ಇವತ್ತು ಆದದ್ದನ್ನು ಕೇಳು.

ಸ್ತೋತ್ರ ಸಂಗ್ರಹದ ಕೊನೆಯ ಹಾಳೆಗಳು ಬಂದವು. ಶನಿವಾರ ವೈಕುಂಠ ಏಕಾದಶಿ. ನಾಳೆ ಮಧ್ಯಾಹ್ನ ಯಂತ್ರಕ್ಕೆ ಹೋದರೆ ಮಾತ್ರ ಅಷ್ಟರೊಳಗೆ ಹೊಲಿದು ಕಟ್ಟಿ ಕೊಡಲಾಗುತ್ತದೆ. ಮೇಲಿನ ಹಾಳೆ ರಾಯರೇ ಬರೆದ ಮುನ್ನುಡಿ. ತಾಯಿಯ ಬಗ್ಗೆ ಬರೆದದ್ದು ಚೆನ್ನಾಗಿದೆ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು ಸ್ತೋತ್ರ ಹೇಳುತ್ತಿದ್ದದ್ದು, ಓದು ಬಾರದಿದ್ದರೂ ಒಂದಕ್ಷರ ತಪ್ಪದೆ ಇದ್ದದ್ದು. ಅದರ ಕೆಳಗೆ ಹೀಗಿದೆ:

"ಈ ಗ್ರಂಥದ ಪ್ರತಿಯೊಂದು ಅಕ್ಷರವನ್ನೂ ತಿದ್ದಿದವಳು ಏಕಾದಶಿಯಂದು ನೀರನ್ನೂ ಮುಟ್ಟದ, ಪ್ರಾಣ ಹೋಗುವಂತಾದರೂ ವ್ರತವನ್ನು ತಾನಾಗಿ ಮುರಿಯದ ಒಬ್ಬ ಕನ್ಯೆ. ನಮ್ಮ ಮನೆಗಳ ಹೆಣ್ಣುಮಕ್ಕಳು ಅವಳನ್ನು ನೋಡಿ ಕಲಿಯಲಿ."

ನಾಲ್ಕು ಸಲ ಓದಿದೆ. ಒತ್ತು, ದೀರ್ಘ, ಎಲ್ಲ ಸರಿಯಾಗಿವೆ. ಅಚ್ಚಿನ ತಪ್ಪು ಒಂದೂ ಇಲ್ಲ.

ರಾಯರು ದಾಟಿಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, "ಓದಿದೆಯಾ? ಹೆಸರು ಹಾಕಿಲ್ಲ. ನಿನಗೆ ಸಂಕೋಚ ಅಂತ ಗೊತ್ತು" ಎಂದರು.

"ಓದ್ತಾ ಇದೀನಿ ಸಾರ್."

"ನಾಳೆ ಬೆಳಗ್ಗೆ ಕೊಡು ಸಾಕು. ಅವಸರ ಬೇಡ" ಎಂದು ಹೋದರು. ಬಾಗಿಲ ತನಕ ಹೋಗಿ ಮತ್ತೆ ಬಂದು, "ಈ ಏಕಾದಶಿ ಆಫೀಸಿಗೆ ಬರ್ಬೇಡ. ಮನೇಲೇ ಮಲಗಿರು. ನಮ್ಮ ಮನೆಯವಳೂ ಅದನ್ನೇ ಹೇಳಿದ್ಲು. ಆ ದಿನ ಗಾಬರಿಯಾಗ್ಬಿಡ್ತು ನನಗೆ, ನಿದ್ದೆ ಬಂದಿಲ್ಲ ಸರಿಯಾಗಿ" ಎಂದರು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು.

ಈ ಪುಸ್ತಕ ಮನೆಮನೆಗೆ ಹೋಗುತ್ತದೆ. ಯಾರದೋ ಮನೆಯಲ್ಲಿ ಹದಿಮೂರು ವರ್ಷದ ಹುಡುಗಿ ಸೂಜಿ ಹಾಕಿಕೊಂಡು ಕೂತಿರುತ್ತಾಳೆ. ಅವಳ ಅಜ್ಜಿ ಈ ಸಾಲನ್ನು ಗಟ್ಟಿಯಾಗಿ ಓದುತ್ತಾಳೆ, ನೋಡಿ ಕಲಿ ಎಂದು. ಅವಳ ತಾಯಿ ಒಲೆಯ ಮೇಲಿದ್ದ ಉಪ್ಪಿಟ್ಟನ್ನು ಇಳಿಸುತ್ತಾಳೋ, ಬಡಿಸುತ್ತಾಳೋ. ನೀನಾಗಿದ್ದರೆ ಬಡಿಸುತ್ತಿದ್ದೆ. ಎಲ್ಲರೂ ನೀನಲ್ಲ.

ಸಾಲನ್ನು ಹೊಡೆದುಹಾಕಲು ಪೆನ್ಸಿಲ್ ಎತ್ತಿದೆ. ಯಾರಿಗೂ ತಿಳಿಯುತ್ತಿರಲಿಲ್ಲ. ಪುಟದಲ್ಲಿ ಹಿಡಿಸಲಿಲ್ಲ, ಎರಡು ಸಾಲು ಬಿಟ್ಟುಹೋಯಿತು ಎಂದು ಯಂತ್ರದವರ ಮೇಲೆ ಹಾಕಬಹುದಿತ್ತು. ಅದು ಬರೆದವರ ಮಾತು, ನಾನು ಕೈಹಾಕುವಂತಿಲ್ಲ. ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ನಾನು ಸೇರಿದ ಮೇಲೆ ಹಾಕಿದ ಮೊದಲನೆಯದು. ಸ್ವಲ್ಪ ದೊಡ್ಡದಾಗಿಯೇ ಬಂತು.

ಪ್ರಶ್ನೆ ಚಿಹ್ನೆ ಹಾಕಿದವರು ಏನು ಮಾಡಬೇಕೆಂದು ನಿನಗೆ ಮೊದಲ ಕಾಗದದಲ್ಲೇ ಬರೆದಿದ್ದೇನೆ.

ಅವರು ಕೆಲಸ ಬಿಡಿಸಬಹುದು. ಪುಸ್ತಕವನ್ನೇ ಮತ್ತೊಬ್ಬರ ಕೈಯಲ್ಲಿ ಮೊದಲಿನಿಂದ ತಿದ್ದಿಸಬಹುದು. ಅಜ್ಜಿಯ ಮನೆಗೂ ಸುದ್ದಿ ಬರಬಹುದು, ಆಗ ಬೇರೆ ಕೋಣೆ ಹುಡುಕುತ್ತೇನೆ. ಔಷಧಿ ಯಾವುದು ಎಂದು ಕೇಳಿದರೆ ಶೀಶೆ ಕೊಡುತ್ತೇನೆ. ಈ ಸಲದ್ದಕ್ಕೆ ಚೀಟಿ ಉಜ್ಜಿಲ್ಲ. ನೀನು ಸಿಟ್ಟಾಗುವೆ ಎಂದು ಗೊತ್ತಿದ್ದೂ ಉಜ್ಜಲಿಲ್ಲ.

ನಿನ್ನನ್ನು ಕೇಳಿ ಮಾಡುತ್ತಿಲ್ಲ. ಇದು ನಿನಗೆ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಶನಿವಾರ ನೀನು ಒಂದು ಲೋಟ ನೀರಾದರೂ ಕುಡಿ. ಅಪ್ಪನ ಎದುರಿಗೇ ಕುಡಿ.

ನಾಳೆ ಹನ್ನೊಂದಕ್ಕೆ ಡಬ್ಬಿ ತೆಗೆದು ನನ್ನ ಮೇಜಿನಲ್ಲೇ ಕೂತು ಬಿಸ್ಕತ್ತು ತಿನ್ನುತ್ತೇನೆ. ಹಾಳೆಯನ್ನು ಸ್ವಲ್ಪ ಆಚೆಗೆ ಸರಿಸಿಟ್ಟು, ಪುಡಿ ಬೀಳದ ಹಾಗೆ. ಆಮೇಲೆ ಕೈ ತೊಳೆದು, ಪುಟ ತೆಗೆದುಕೊಂಡು ಅವರ ಕೋಣೆಗೆ ಹೋಗುತ್ತೇನೆ.

ನಿನ್ನ ಮಗಳು,
ವೃಂದಾ